‘ದರಿದ್ರ’ ಅನ್ನುವ ಮೊದಲು
ಯೌವನಸ್ಥರ ಕೂಟ, ಅಟ್ಟೂರು. ವಾಕ್ಯಭಾಗ: ಮತ್ತಾಯ 5:3, 2 ಕೊರಿಂಥ 8:9

ಪ್ರಿಯರೇ, ಇವತ್ತು ಒಂದೇ ಪದ ನೋಡೋಣ, ನಾವು ದಿನಾ ಬಳಸೋ ಪದ. ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿ ನಿಂತರೆ "ದರಿದ್ರ ಟ್ರಾಫಿಕ್" ಅಂತೀವಿ. ನೆಟ್ ಸ್ಲೋ ಆದರೆ "ದರಿದ್ರ ನೆಟ್‌ವರ್ಕ್". ಏನೂ ಇಲ್ಲದ ಮನುಷ್ಯನ ಹೆಸರು ನಮ್ಮ ಬಾಯಲ್ಲಿ ಬೈಗುಳ ಆಗಿಬಿಟ್ಟಿದೆ. ‘ಕಡುಬಡವ’ ಅಂದರೆ ಮರುಕ ಇರುತ್ತೆ, ‘ದರಿದ್ರ’ ಅಂದರೆ ಅಸಹ್ಯ. ಆದರೆ ಸಂಸ್ಕೃತದ ಆ ಪದದ ಮೂಲದಲ್ಲಿ ಇರೋದು ಅತ್ತಿಂದಿತ್ತ ಓಡುವುದು, ಅಲೆಯುವುದು ಅನ್ನೋ ಅರ್ಥ. ನೆಲೆ ಇಲ್ಲದವನು, ಅಷ್ಟೇ.

ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಬಡವನಿಗೆ ಎರಡು ಪದ ಇವೆ. ‘ಪೆನೇಸ್’ ಅಂದರೆ ದುಡಿದು ತಿನ್ನುವ ಬಡವ. 2 ಕೊರಿಂಥ 9:9ರಲ್ಲಿ ಇದೆ. ‘ಪ್ಟೋಕೋಸ್’ ಅಂದರೆ ದುಡಿಯೋಕೂ ದಾರಿ ಇಲ್ಲದೆ, ಮೈ ಮುದುರಿಕೊಂಡು ಕೈ ಚಾಚಿದವನು. ನಮ್ಮ ಅಟ್ಟೂರಿನಲ್ಲಿ ಏಳ್ತಿರೋ ಕಟ್ಟಡಗಳ ಪಕ್ಕದ ಶೆಡ್‌ಗಳನ್ನ ನೋಡಿದ್ದೀರಲ್ಲ? ಕೂಲಿ ಸಿಕ್ಕ ದಿನ ಅಲ್ಲಿ ಒಲೆ ಉರಿಯುತ್ತೆ. ಅವನು ಪೆನೇಸ್. ಅದೇ ಮನುಷ್ಯ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರೆ ಪ್ಟೋಕೋಸ್. ಸರ್ಕಾರಕ್ಕೂ ಈ ವ್ಯತ್ಯಾಸ ಗೊತ್ತು. ಬಿಪಿಎಲ್ ಸಾಲದು ಅಂತಲೇ 2000ನೇ ಇಸವಿಯಲ್ಲಿ ಅಂತ್ಯೋದಯ ಕಾರ್ಡ್ ಬಂತು. ಬಡವರಲ್ಲೇ ಅತಿ ಬಡವರಿಗೆ. ಈಗ ತಿಂಗಳಿಗೆ ಮನೆಗೆ 35 ಕೆಜಿ ಧಾನ್ಯ.

ಬೆಟ್ಟದ ಮೇಲೆ ಯೇಸು ಧನ್ಯರು ಅಂತ ಹೇಳಿದ್ದು ಯಾರಿಗೆ? ಮತ್ತಾಯ ಬರೆದಿರೋದು ಎರಡನೇ ಪದ. ‘ಆತ್ಮದಲ್ಲಿ ಬಡವರು’ ಅಂದರೆ ಸ್ವಲ್ಪ ವಿನಯ ಇರೋರು ಅಂತ ನಾವು ಸುಲಭ ಮಾಡ್ಕೊಂಡಿದ್ದೀವಿ. ಅಲ್ಲ ತಮ್ಮಾ, ದೇವರ ಮುಂದೆ ತೋರಿಸೋಕೆ ಒಂದು ರೂಪಾಯಿಯೂ ಇಲ್ಲದವರು ಅಂತ.

ಲಾಜರನಿಗೂ ಇದೇ ಪದ. ಎರಡು ಕಾಸು ಹಾಕಿದ ವಿಧವೆಗೂ ಇದೇ. ಕೊನೆಗೆ 2 ಕೊರಿಂಥ 8:9ರಲ್ಲಿ ಪೌಲನು ಇದೇ ಪದದಿಂದ ಹುಟ್ಟಿದ ಕ್ರಿಯಾಪದವನ್ನ ನಮ್ಮ ಕರ್ತನಿಗೇ ಬಳಸ್ತಾನೆ. ಆತನು ಇಳಿದದ್ದು ಕೂಲಿಯವನ ಮಟ್ಟಕ್ಕಲ್ಲ, ಅದಕ್ಕಿಂತ ಕೆಳಗೆ. ಈಗ ಹೇಳಿ, ‘ದರಿದ್ರ’ ಅಂತ ಯಾರನ್ನ ಬೈತಿದ್ದೀವಿ?

ಹಾಗಂತ ಬಡತನವೇ ಪವಿತ್ರ ಅಂತ ನಾನು ಹೇಳ್ತಿಲ್ಲ. ಕಿತ್ತು ತಿನ್ನೋ ಬಡತನ ಕಂಡವರು ಯಾರೂ ಹಾಗೆ ಹೇಳಲ್ಲ. ಜ್ಞಾನೋಕ್ತಿ 30ರಲ್ಲಿ ಆಗೂರನು ಐಶ್ವರ್ಯವೂ ಬೇಡ, ಬಡತನವೂ ಬೇಡ ಅಂತ ಬೇಡ್ಕೊಳ್ತಾನೆ. ಒಳ್ಳೇ ಪ್ರಾರ್ಥನೆ ಅದು. ಆದರೆ ಕೆಲಸ ಹೋಗಿ ಇಎಂಐ ಕಟ್ಟೋಕಾಗದ ತಮ್ಮ ಅಥವಾ ತಂಗಿ ಸಭೆಗೆ ಬರೋಕೆ ನಾಚಿಕೊಂಡು ಪಿಜಿ ರೂಮಲ್ಲೇ ಕೂತಿದ್ದರೆ, "ನಿನಗೆ ವಿಶ್ವಾಸ ಕಡಿಮೆ, ಅದಕ್ಕೇ ದಾರಿದ್ರ್ಯ" ಅಂತ ಮಾತ್ರ ಯಾರೂ ಹೇಳಬೇಡಿ. ಈ ಭಾನುವಾರ ಯಾರು ಬಂದಿಲ್ಲ ನೋಡಿ, ಫೋನ್ ಮಾಡಿ, ಊಟ ತಗೊಂಡು ಹೋಗಿ. ಮುಂದಿನ ವಾರಕ್ಕೆ ಲೂಕ 16 ಓದ್ಕೊಂಡು ಬನ್ನಿ. ಈಗ ತಲೆ ಬಾಗಿಸಿ ಪ್ರಾರ್ಥನೆ ಮಾಡೋಣ.