ಲೇಹ್ ದಾರಿಗೆ ಯಾವ ಪೆಟ್ಟಿಗೆ?

ಪ್ರಶ್ನೆ: ಬೆಂಗಳೂರಿನಿಂದ ಲೇಹ್‌ಗೆ ಬೈಕಿನಲ್ಲಿ ಹೊರಟಿದ್ದೇನೆ. ಅಲ್ಯೂಮಿನಿಯಂ ಪೆಟ್ಟಿಗೆ ಕೊಳ್ಳಲೋ, ಪ್ಲಾಸ್ಟಿಕ್ಕಿನದೋ?

ಉತ್ತರ: ನಿಮ್ಮ ದಾರಿಗೆ ಅಲ್ಯೂಮಿನಿಯಮ್ಮೇ ಒಳ್ಳೆಯದು. ಮನಾಲಿ ದಾಟಿದ ಮೇಲೆ ಕಲ್ಲುರಸ್ತೆ, ಹಳ್ಳದ ನೀರು ಎದುರಾಗುತ್ತವೆ. ಬೈಕ್ ಒಮ್ಮೆಯಾದರೂ ಮಗುಚೀತು. ಪ್ಲಾಸ್ಟಿಕ್ ಸೀಳಿದರೆ ಅಲ್ಲಿ ರಿಪೇರಿ ಕಷ್ಟ. ಅಲ್ಯೂಮಿನಿಯಂ ನೆಗ್ಗಿದರೆ ಕಲ್ಲಿನಿಂದ ತಟ್ಟಿ ಸರಿಮಾಡಬಹುದು. ಮುಚ್ಚಳ ಮೇಲಕ್ಕೆ ತೆರೆಯುವಂಥದ್ದನ್ನು ಆರಿಸಿ, ಸಾಮಾನು ಚೆಲ್ಲುವುದಿಲ್ಲ. ಬದಿಗೊಂದರಂತೆ 35 ಲೀಟರಿನವು ಸಾಕು. ಜಾಗ ಹೆಚ್ಚಿದಷ್ಟೂ ತುಂಬುವ ಆಸೆಯೂ ಹೆಚ್ಚು. ಭಾರದ್ದು ತಳದಲ್ಲಿರಲಿ, ಎರಡೂ ಬದಿ ಸಮ ತೂಗಲಿ. ಹಿಂದಿನ ಟಾಪ್ ಬಾಕ್ಸಿನಲ್ಲಿ ಹಗುರ ಬಟ್ಟೆ ಮಾತ್ರ. ಪ್ರತಿ ಬೆಳಿಗ್ಗೆ ಬೋಲ್ಟುಗಳ ಬಿಗಿ ನೋಡಿ.

ಒಂದು ಮಾತು ಮರೆಯಬೇಡಿ: ಕೆಸರಿನಲ್ಲಿ ಕಾಲೂರಿದರೆ ಗಟ್ಟಿ ಪೆಟ್ಟಿಗೆ ಹಿಂದಿನಿಂದ ಮೀನಖಂಡಕ್ಕೆ ಬಡಿಯಬಹುದು. ಕಾಲು ಫುಟ್‌ರೆಸ್ಟ್ ಮೇಲೇ ಇರಲಿ. ಎತ್ತರದ ಬೂಟು ಹಾಕಿಕೊಳ್ಳಿ.