ಐದು ನಕ್ಷತ್ರ ಕೊಟ್ಟ ಅಮ್ಮ

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇವೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ, ಟೋಕನ್ ತಗೊಂಡು, ಡಾಕ್ಟರಿಗೆ ತೋರಿಸಿ ಬರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದ ಮೇಲೆ ಫೋನಿನಲ್ಲೇ ಡಾಕ್ಟರನ್ನು ಕಾಣುವುದು ಸಲೀಸಾಯಿತು. ನಾವೂ ಒಂದು ಖಾಸಗಿ ಆ್ಯಪ್ ಹಾಕಿಕೊಂಡೆವು.

ಡಾಕ್ಟರು ಒಳ್ಳೆಯವರು, ವಿಡಿಯೊವೂ ಸ್ಪಷ್ಟವಾಗಿತ್ತು. ಆದರೆ ಬರೆದ ಒಂದು ಮಾತ್ರೆ ನಮ್ಮ ಪೇಟೆಯ ಯಾವ ಮೆಡಿಕಲ್ ಶಾಪಿನಲ್ಲೂ ಸಿಗಲಿಲ್ಲ. ಕರೆ ಮುಗಿಯುತ್ತಿದ್ದಂತೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಸಂದೇಶ ಬಂದಿತ್ತು. ಅಮ್ಮ, "ಐದೂ ಒತ್ತು ಮಾರಾಯ. ಪಾಪ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?" ಅಂದಳು. ರಾತ್ರಿ ಊಟಕ್ಕೆ ಕೂತಾಗ, "ಅಂಗಾಲು ಜೋಮು ಹಿಡೀತದೆ ಅಂತ ಹೇಳೋದೇ ಬಿಟ್ಟುಹೋಯ್ತು" ಅಂತ ಗೊಣಗಿದಳು. ಬಿಟ್ಟುಹೋದದ್ದು ಅದೊಂದೇ ಅಲ್ಲ. ಪಕ್ಕದಲ್ಲಿ ಮಗ ಫೋನ್ ಹಿಡಿದು ಕೂತಿರುವಾಗ ಯಾವ ತಾಯಿ ಮೂತ್ರದ ತೊಂದರೆ ಹೇಳಿಕೊಂಡಾಳು?

ಈಗ ಅವಳು ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲೂ ಡಾಕ್ಟರು ಪರದೆಯ ಮೇಲೇ ಬರುವುದು, ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿಯಲ್ಲಿ. ಆದರೆ ಈ ಕಡೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಇರುತ್ತಾರೆ. ಬಿಪಿ ನೋಡಿ, ಬೆರಳು ಚುಚ್ಚಿ ಶುಗರ್ ಪರೀಕ್ಷಿಸಿ, ಆಮೇಲೆ ಡಾಕ್ಟರಿಗೆ ಕರೆ ಹಚ್ಚುತ್ತಾರೆ. ಒಮ್ಮೆ ಡಾಕ್ಟರು ಹೇಳಿದಂತೆ ಅಮ್ಮನ ಕಣ್ಣು ಮುಚ್ಚಿಸಿ, ಅಂಗಾಲಿಗೆ ಹತ್ತಿಯ ಎಳೆ ತಾಗಿಸುತ್ತ, "ಗೊತ್ತಾಗ್ತದಾ ಅಮ್ಮ? ಇಲ್ಲಿ? ಇಲ್ಲಿ?" ಎಂದು ಕೇಳಿದರು. ಹೆಬ್ಬೆರಳ ಬುಡದಲ್ಲಿ ಅಮ್ಮನಿಗೆ ಗೊತ್ತಾಗಲಿಲ್ಲ. ಇದನ್ನು ಯಾವ ಕ್ಯಾಮೆರಾ ಪತ್ತೆ ಹಚ್ಚೀತು! ಮೂತ್ರದ ವಿಷಯವನ್ನೂ ನನ್ನನ್ನು ಹೊರಗೆ ಕಳಿಸಿ ಅಲ್ಲೇ ಹೇಳಿಕೊಂಡಳಂತೆ.

ಯಾರು ಕೇಳಿದರೂ ಅಮ್ಮ ಇದಕ್ಕೂ ಐದೇ ನಕ್ಷತ್ರ ಕೊಡುತ್ತಾಳೆ. ಹಾಗಾಗಿ ಆ ಲೆಕ್ಕದ ಮೇಲೆ ನನಗೆ ನಂಬಿಕೆಯಿಲ್ಲ. ಮಾತ್ರೆ ಮುಗಿಯುವ ಮೊದಲೇ, ಯಾರೂ ನೆನಪಿಸದೆ, ತಾನೇ ಸೀರೆ ಬದಲಿಸಿಕೊಂಡು ಉಪಕೇಂದ್ರಕ್ಕೆ ಹೊರಡುತ್ತಾಳಲ್ಲ, ನನಗೆ ಅದು ಸಾಕು.

ದೂರದಿಂದ ವೈದ್ಯ ಮಾಡುವವರಲ್ಲಿ ಒಂದು ವಿನಂತಿ: ಕರೆ ಮುಗಿದ ಕೂಡಲೇ ನಕ್ಷತ್ರ ಕೇಳಬೇಡಿ. ವಾರ ಬಿಟ್ಟು ಒಂದು ಫೋನ್ ಮಾಡಿ, ಮಾತ್ರೆ ಸಿಕ್ಕಿತಾ, ಹೇಳದೆ ಉಳಿದದ್ದು ಏನಾದರೂ ಇದೆಯಾ ಎಂದು ವಿಚಾರಿಸಿ.