ಮೊದಲು ಬೇರೆಬೇರೆಯಾಗಿ ಓದು

ನೋಡಮ್ಮ, ವೈಟ್‌ಚಾಪೆಲ್‌ನ ಜಾಕ್ ದಿ ರಿಪ್ಪರನೇ ಥೇಮ್ಸ್ ನದಿಯ ರುಂಡವಿಲ್ಲದ ದೇಹಗಳ ಕೊಲೆಗಾರನೂ ಹೌದು ಎಂದು ಬರೆಯಲು ಹೊರಟಿದ್ದೀಯ. ಬೇಡ ಎನ್ನುವುದಿಲ್ಲ. ಆದರೆ ತಳುಕು ಹಾಕುವ ಮುಂಚೆ ಎರಡು ಕಡತಗಳನ್ನೂ ಬೇರೆಬೇರೆಯಾಗಿ ಓದು.

ಮೊದಲು ತಾರೀಕು ನೋಡು. 1888ರ ಸೆಪ್ಟೆಂಬರ್ 30ರ ನಸುಕಿನಲ್ಲಿ ರಿಪ್ಪರ್ ಇಬ್ಬರು ಹೆಂಗಸರನ್ನು ಕೊಂದ ಎನ್ನುತ್ತಾರೆ. ಅಕ್ಟೋಬರ್ 2ರಂದು ವೈಟ್‌ಹಾಲ್‌ನಲ್ಲಿ, ಪೊಲೀಸರಿಗೆಂದೇ ಕಟ್ಟುತ್ತಿದ್ದ ಕಚೇರಿಯ ನೆಲಮಾಳಿಗೆಯಲ್ಲಿ, ಹೆಣ್ಣಿನ ಮುಂಡ ಸಿಕ್ಕಿತು. ಎರಡೇ ದಿನದ ಅಂತರ ಎಂದು ನೀನು ಅಡಿಗೆರೆ ಎಳೆದಿದ್ದೀಯ. ಆದರೆ ಆ ದೇಹದ ತೋಳು ಸೆಪ್ಟೆಂಬರ್ 11ಕ್ಕೇ ಪಿಮ್ಲಿಕೋ ಬಳಿ ನದಿಯಲ್ಲಿ ಸಿಕ್ಕಿತ್ತು. ಹೆಣ ಸಿಕ್ಕ ದಿನವನ್ನು ಕೊಲೆಯಾದ ದಿನ ಎಂದುಕೊಂಡರೆ ಇಲ್ಲದ ನಂಟು ಹುಟ್ಟುತ್ತದೆ.

ಇನ್ನು ಕೊಲೆಯ ಬಗೆ. ರಿಪ್ಪರ್ ಹೆಚ್ಚಿನವರನ್ನು ಹೊರಗೆ ಬಯಲಲ್ಲೇ ಬಿಟ್ಟು ಹೋದ. ಇನ್ನೊಬ್ಬನಿಗೆ ಮರೆಯಾದ ಜಾಗ ಬೇಕಿತ್ತು, ಸಮಯ ಬೇಕಿತ್ತು. ಗುರುತು ಸಿಗದಂತೆ ತಲೆಯನ್ನೇ ಕಾಣೆಯಾಗಿಸಿದ. ವೈದ್ಯ ಥಾಮಸ್ ಬಾಂಡ್ ವೈಟ್‌ಹಾಲ್ ಮುಂಡವನ್ನೂ ರಿಪ್ಪರನಿಗೆ ಬಲಿಯಾದಳೆನ್ನುವ ಮೇರಿ ಕೆಲ್ಲಿಯ ದೇಹವನ್ನೂ ಸ್ವತಃ ಪರೀಕ್ಷಿಸಿದವರು. ಅದೇ ವರ್ಷದ ನವೆಂಬರಿನಲ್ಲಿ ಅವರು ವೈಟ್‌ಚಾಪೆಲ್‌ನ ಐದು ಕೊಲೆಗಳನ್ನು ಒಬ್ಬನ ಕೆಲಸ ಎಂದರು, ಮುಂಡವನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ನನಗೆ ಈ ಸಾಕ್ಷ್ಯವೇ ಹೆಚ್ಚು ತೂಕದ್ದು.

ಹಾಗೆಂದು ಬಗೆ ಬೇರೆಯಾದರೆ ಆಳೂ ಬೇರೆ ಎಂದು ಷರಾ ಬರೆಯಬೇಡ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಕಡೆಯ ಅತ್ಯಾಚಾರಗಳನ್ನೂ ದಕ್ಷಿಣದ ಕೊಲೆಗಳನ್ನೂ ವರ್ಷಗಟ್ಟಲೆ ಬೇರೆಬೇರೆ ಪ್ರಕರಣಗಳಾಗಿಯೇ ನೋಡಿದ್ದರು. 2001ರಲ್ಲಿ ಡಿಎನ್‌ಎ ತಾಳೆಯಾಯಿತು; ಮಾಡಿದವನು ಒಬ್ಬನೇ. 2018ರಲ್ಲಿ ಜೋಸೆಫ್ ಡಿಆಂಜೆಲೊ ಸಿಕ್ಕಿಬಿದ್ದ, ಮಾಜಿ ಪೊಲೀಸ್. ಅಲ್ಲಿ ಮಾದರಿಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಲಂಡನ್ ಪ್ರಕರಣಗಳಲ್ಲಿ ನಂಬಬಹುದಾದ ಅಂಥದ್ದು ಉಳಿದಿಲ್ಲ. ಆದ್ದರಿಂದ ನಿನ್ನ ಬರಹದಲ್ಲಿ ‘ಇರಬಹುದು’ ಎನ್ನುವುದು ‘ಹೌದು’ ಆಗಕೂಡದು.

ಇನ್ನೊಂದು ಮಾತು, ನನಗೆ ನಿಜಕ್ಕೂ ನೋವಾಗಿದ್ದು. 1889ರ ಜೂನ್‌ನಲ್ಲಿ ನದಿಯಲ್ಲಿ ತುಂಡುತುಂಡಾಗಿ ಸಿಕ್ಕ ಎಲಿಜಬೆತ್ ಜಾಕ್ಸನ್ ತುಂಬು ಬಸುರಿ. ಬಟ್ಟೆಯಿಂದ, ಮಣಿಕಟ್ಟಿನ ಹಳೆಯ ಗಾಯದ ಕಲೆಯಿಂದ ಅವಳ ಗುರುತು ಹಿಡಿದರು. ಆ ದೇಹಗಳ ಪೈಕಿ ಹೆಸರು ಸಿಕ್ಕಿದ್ದು ಅವಳೊಬ್ಬಳಿಗೇ. ಕೊಂದವನು ಸಿಗಲಿಲ್ಲ. ಅವಳನ್ನೂ ರಿಪ್ಪರನ ಲೆಕ್ಕಕ್ಕೆ ಬರೆದುಬಿಟ್ಟರೆ ಅವಳ ಸುತ್ತ ಯಾರಿದ್ದರು, ಕೊನೆಯ ದಿನಗಳನ್ನು ಎಲ್ಲಿ ಕಳೆದಳು ಎಂದು ಕೇಳುವವರೇ ಇರುವುದಿಲ್ಲ. ನಿನ್ನ ಕರಡಿನಲ್ಲಿ ಅವಳ ಹೆಸರು ಒಂದೇ ಸಲ ಬಂದಿದೆ, ರಿಪ್ಪರನದು ಪುಟಪುಟಕ್ಕೂ ಇದೆ. ಅದನ್ನು ತಿದ್ದಿಕೊಂಡು ಬಾ, ಮಿಕ್ಕಿದ್ದನ್ನು ಆಮೇಲೆ ಕೂತು ನೋಡೋಣ.